ಅಮ್ಮ ನಡೆಯೋದನ್ನ ಒಂದು ಸಲ ನೋಡಬೇಕು

ಈಗ ಯಾರ ಫೋನು ತೆರೆದರೂ ಫೋಟೊಗಳ ರಾಶಿ. ಮಗುವಿನ ಮೊದಲ ಹಲ್ಲು, ಬೆಕ್ಕಿನ ಆಕಳಿಕೆ, ಹೊಸ ಚಪ್ಪಲಿ, ಏನು ಬೇಕು ಕೇಳಿ. ಆದರೆ ನಿಜವಾಗಿ ಬೇಕಾದ ಒಂದನ್ನು ಹುಡುಕಲು ಕೂತರೆ ಅದೇ ಸಿಗುವುದಿಲ್ಲ. ನಮ್ಮ ಟೈಲರಕ್ಕನಿಗೂ ಹಾಗೇ ಆಯಿತು.

ಅವಳ ಅಮ್ಮ ತೀರಿಹೋಗಿ ಹದಿನಾಲ್ಕು ದಿನವಾಗಿತ್ತು. ಎಂಟೇ ದಿನದ ಜ್ವರ. ಆ ಎಂಟೂ ದಿನ ಮಂಚ ಬಿಟ್ಟು ಏಳಲಿಲ್ಲ. ಈಗ ಟೈಲರಕ್ಕ ಕಣ್ಣು ಮುಚ್ಚಿದರೆ ಮಂಚದ ಮೇಲಿನ ಅಮ್ಮನೇ ಬರುತ್ತಾಳೆ. ಒಣಗಿದ ತುಟಿ, ಹೊದಿಕೆಯ ಮೇಲೆ ಸೋತು ಬಿದ್ದ ಕೈ. ಓಡಾಡುವ ಅಮ್ಮ ಬರುವುದೇ ಇಲ್ಲ. ಬಲಗಾಲು ಊರುವಾಗ ಒಂಚೂರು ವಾಲಿ, ಕೈಚೀಲವನ್ನು ಮೊಣಕಾಲಿಗೆ ಬಡಿಸಿಕೊಂಡು ನಡೆಯುತ್ತಿದ್ದಳು ಅನ್ನುವುದು ಗೊತ್ತು. ಗೊತ್ತು, ಅಷ್ಟೇ. ಕಣ್ಣಿಗೆ ಕಟ್ಟುವುದಿಲ್ಲ.

ಫೋನನ್ನು ಮೂಲೆಮೂಲೆ ಜಾಲಾಡಿದಳು. ಅಮ್ಮನವು ಆರು ಫೋಟೊ. ಎಲ್ಲದರಲ್ಲೂ ಕೂತಿದ್ದಾಳೆ, ಇಲ್ಲವೇ ಯಾರದೋ ಹೆಗಲ ಹಿಂದೆ ಅರ್ಧ ಮುಖ.

"ಅಮ್ಮ ನಡೆಯೋದನ್ನ ಒಂದು ಸಲ ನೋಡಬೇಕು ಕಣ್ರೀ," ಎಂದಳು ಗಂಡನಿಗೆ. "ಒಂದೇ ಸಲ ಸಾಕು."

ಗಂಡ ಬಸ್ ಕಂಡಕ್ಟರ್. ಶೂ ಬಿಚ್ಚುತ್ತಿದ್ದವನು ಹಾಗೇ ನಿಂತ. "ಲೈಬ್ರರಿ ಇದೆಯಲ್ಲೇ! ಅತ್ತೆ ದಿನಾ ಬೆಳಗ್ಗೆ ಪೇಪರ್ ಓದೋಕೆ ಅಲ್ಲಿಗೆ ತಾನೆ ಹೋಗ್ತಿದ್ದಿದ್ದು? ಬಾಗಿಲ ಹತ್ರ, ಮೊಗಸಾಲೇಲಿ, ಎರಡು ಕಡೆ ಕ್ಯಾಮೆರಾ ಹಾಕಿದಾರೆ. ಅದರಲ್ಲಿ ಇರಲೇಬೇಕು."

ಟೈಲರಕ್ಕನ ಕಾಲು ಹೊಲಿಗೆ ಮಷೀನಿನ ಮೇಲೆ ನಿಂತುಹೋಯಿತು. ಅಮ್ಮ ಎಲ್ಲೋ ಇನ್ನೂ ನಡೆಯುತ್ತಿದ್ದಾಳೆ ಅಂದ ಹಾಗಾಯಿತು ಅವಳಿಗೆ.

ಮರುದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಲೈಬ್ರರಿಗೆ ಹೋದಳು. ಸಾರ್ವಜನಿಕ ಗ್ರಂಥಾಲಯ, ಹಳೇ ಕಟ್ಟಡ. ಕೌಂಟರಿನಲ್ಲಿದ್ದ ಮೇಡಂ ಅಮ್ಮನ ಸುದ್ದಿ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ನಿಮ್ಮಮ್ಮ ಬರದಿದ್ರೆ ನಮಗೆ ಬೆಳಗಾದ ಹಾಗೇ ಇರ್ತಿರಲಿಲ್ಲ," ಎಂದರು. "ನೋಡಬಹುದಮ್ಮ, ಖಂಡಿತ ನೋಡಬಹುದು. ಆದ್ರೆ ಹೀಗೆ ಬಂದು ಹಾಗೆ ನೋಡೋಕಾಗಲ್ಲ. ಒಂದು ಅರ್ಜಿ ಬರ್ಕೊಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾಕೆ ಅಂತ. ನಿಮ್ಮ ಗುರುತಿನ ಚೀಟಿ, ಅಮ್ಮನ ಮರಣ ಪ್ರಮಾಣಪತ್ರ ಜೊತೆಗಿಡಿ. ತಡ ಮಾಡಬೇಡಿ. ಮೂವತ್ತು ದಿನ ಆದ್ಮೇಲೆ ಇಲ್ಲಿ ಎಲ್ಲಾ ತಾನಾಗೇ ಅಳಿಸಿಹೋಗುತ್ತೆ."

"ನಮ್ಮಮ್ಮನ್ನ ನಾನು ನೋಡೋಕೆ ಅರ್ಜಿನಾ ಮೇಡಂ?"

"ಅಲ್ಲಿ ನಿಮ್ಮಮ್ಮ ಒಬ್ಬರೇ ಇಲ್ಲವಲ್ಲಮ್ಮ."

ಟೈಲರಕ್ಕನಿಗೆ ಆ ಮಾತು ತಲೆಗೆ ಹೋಗಲಿಲ್ಲ. ಮನೆಗೆ ಬಂದು ಹೇಳಿದಾಗ ಗಂಡ ಇನ್ನೂ ಬೆಂಕಿಗೆ ತುಪ್ಪ ಸುರಿದ.

"ಸರ್ಕಾರಿ ಕಟ್ಟಡ. ಸಾರ್ವಜನಿಕರದು ಅಂದ್ರೆ ನಮ್ಮದೇ. ಕಳ್ಳತನ ಮಾಡದವನಿಗೆ ಕ್ಯಾಮೆರಾ ಕಂಡ್ರೆ ಭಯ ಏನಿದೆ? ಯಾರು ಬೇಕಾದ್ರೂ ನೋಡ್ಲಿ. ಇದೆಲ್ಲಾ ಸುಮ್ನೆ ಜನರನ್ನ ಅಲೆಸೋ ಕೆಲಸ!"

ಲೈಬ್ರರಿಯ ಗಾರ್ಡು ಮೀಸೆಮಾಮ. ಒಳ್ಳೆಯ ಮನುಷ್ಯ, ಕರುಳು ಮೆತ್ತಗೆ. ಮಾರನೇ ದಿನ ದಾರಿಯಲ್ಲಿ ಸಿಕ್ಕವನು ದನಿ ತಗ್ಗಿಸಿದ. "ಮಧ್ಯಾಹ್ನ ಮೇಡಂ ಊಟಕ್ಕೆ ಹೋಗ್ತಾರೆ. ಬಂದುಬಿಡಮ್ಮ, ನಾನೇ ತೋರಿಸ್ತೀನಿ. ಹತ್ತು ನಿಮಿಷದ ಕೆಲಸ."

ಅವಳು ಹೋದಳು. ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆ, ಒಂದು ಸ್ಟೂಲು, ಪರದೆ. ಮೀಸೆಮಾಮ ಇಪ್ಪತ್ತೈದು ದಿನ ಹಿಂದಿನ ತಾರೀಖು ಹುಡುಕಿ ಒತ್ತಿದ. ಅದು ಅಮ್ಮ ಕೊನೆಯ ಸಲ ಬಂದ ದಿನ. ಮೊಗಸಾಲೆ ಕಾಣಿಸಿತು. ಅವಳ ಎದೆ ಮಷೀನಿನ ಸೂಜಿಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ಅಮ್ಮ ಇನ್ನೂ ಬಂದಿರಲಿಲ್ಲ. ಗೋಡೆಯ ಬೆಂಚಿನ ಮೇಲೆ ಒಬ್ಬ ಗಂಡಸು ಕೂತಿದ್ದ. ಕಾಲ ನಡುವೆ ಸಲಕರಣೆ ಚೀಲ. ಪೇಪರಿನ 'ಕೆಲಸ ಖಾಲಿ ಇದೆ' ಜಾಹೀರಾತಿನ ಪುಟದ ಮೇಲೆ ಬೆರಳಾಡಿಸುತ್ತಿದ್ದ. ಆಮೇಲೆ ಆ ಪೇಪರನ್ನೇ ಮುಖಕ್ಕೆ ಒತ್ತಿಕೊಂಡ. ಅವನ ಭುಜ ಅಲುಗತೊಡಗಿತು. ದನಿ ಇರಲಿಲ್ಲ. ಅಳು ಮಾತ್ರ ಕಾಣುತ್ತಿತ್ತು.

ಎದುರುಮನೆ ವೆಲ್ಡರ್!

"ಇವನಾ? ನಿಮ್ಮ ಬೀದಿಯೋನೇ ಅಲ್ವಾ?" ಎಂದ ಮೀಸೆಮಾಮ. "ಕೆಲಸ ಹೋಗಿ ಎರಡು ತಿಂಗಳಾಯ್ತಂತೆ. ಮನೇಲಿ ಹೇಳಿಲ್ಲ ಅನ್ಸುತ್ತೆ. ಬೆಳಗ್ಗೆ ಬಂದು ಕೂತ್ರೆ ಸಂಜೆಗೇ ಏಳೋದು. ಡಬ್ಬಿ ಇಲ್ಲೇ ತಿಂತಾನೆ, ಪಾಪ. ಇರಿ, ಇನ್ನೈದು ನಿಮಿಷ ಮುಂದಕ್ಕೆ ಓಡಿಸ್ತೀನಿ, ನಿಮ್ಮಮ್ಮ ಬರ್ತಾರೆ."

ಟೈಲರಕ್ಕನ ಮುಖ ಬಿಸಿಯಾಯಿತು. ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿ ಸಿಕ್ಕಿಬಿದ್ದ ಹಾಗೆ. ಒಂದು ಯೋಚನೆ ಬಂತು, ಬಾಯಿಗೂ ಬಂದುಬಿಟ್ಟಿತು.

"ಮಾಮಾ, ನಮ್ಮಮ್ಮನ್ನೂ ಹೀಗೇ ಯಾರಿಗಾದ್ರೂ ತೋರಿಸಿದೀರಾ?"

ಮೀಸೆಮಾಮ ಮೌಸಿನಿಂದ ಕೈ ತೆಗೆದ. "ಕೆಟ್ಟದಕ್ಕಲ್ಲಮ್ಮ," ಎಂದ. "ಒಂದ್ಸಲ ನಿದ್ದೆ ಹೊಡೀತಿದ್ರು, ಬಾಯಿ ತೆಕ್ಕೊಂಡು. ನಮ್ಮ ಜೊತೆ ಕೆಲಸದ ಹುಡುಗರು ನಕ್ಕರು, ಅಷ್ಟೇ."

ಅಮ್ಮ ಐದು ನಿಮಿಷ ದೂರದಲ್ಲಿದ್ದಳು. ಟೈಲರಕ್ಕ ಸ್ಟೂಲಿನಿಂದ ಎದ್ದಳು.

"ಆರಿಸಿಬಿಡಿ ಮಾಮಾ."

ಅದೇ ಸಂಜೆ ಎದುರುಮನೆಯವಳು ಅಂಗಡಿಗೆ ಬಂದಳು. ಗಂಡನ ಪ್ಯಾಂಟಿನ ಮೊಣಕಾಲಿಗೆ ತೇಪೆ ಹಾಕಿಸಬೇಕಿತ್ತು. "ಕಾರ್ಖಾನೇಲಿ ಉಸಿರಾಡೋಕೂ ಪುರುಸೊತ್ತಿಲ್ವಂತೆ ಅಕ್ಕ ಇವರಿಗೆ," ಎಂದು ನಕ್ಕಳು. ಟೈಲರಕ್ಕ ಅಳತೆ ಪಟ್ಟಿ ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿದಳು. ಅವನಾಗಿ ಹೇಳಬೇಕಾದ ಮಾತೊಂದು ತನ್ನ ಬಾಯಲ್ಲಿ ಬಂದು ಕೂತಿತ್ತು. ಕದ್ದ ಮಾಲಿನ ಹಾಗೆ.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. "ಇವತ್ತು ನಾನು ನೋಡಬಾರದ್ದನ್ನ ನೋಡಿಬಿಟ್ಟೆ ಕಣ್ರೀ."

"ಯಾರನ್ನ? ಏನು?"

"ಹೇಳಲ್ಲ. ತಪ್ಪು ಮಾಡಿದೋರು ಯಾರೂ ಅಲ್ಲ. ಕಷ್ಟದಲ್ಲಿರೋ ಒಬ್ಬರು. ನಮ್ಮಮ್ಮ ನಿದ್ದೆ ಮಾಡೋದನ್ನ ನೋಡಿ ನಕ್ಕಿದಾರಂತೆ, ಅದೂ ಗೊತ್ತಾಯ್ತು."

ಕಂಡಕ್ಟರ್ ತುತ್ತು ಕೆಳಗಿಟ್ಟ. "ಹೋದ ವರ್ಷ ನನಗೆ ಎಡಗಿವಿ ಮಂದ ಆಗಿತ್ತು," ಎಂದ ಮೆಲ್ಲಗೆ. "ನಿನಗೂ ಹೇಳದೆ ಸರ್ಕಾರಿ ಆಸ್ಪತ್ರೆಗೆ ನಾಲ್ಕು ಸಲ ಹೋಗಿದ್ದೆ. ಡಿಪೋದಲ್ಲಿ ಗೊತ್ತಾದ್ರೆ ಡ್ಯೂಟಿ ತಪ್ಪುತ್ತೆ ಅಂತ ಹೆದರಿಕೆ. ಅಲ್ಲೂ ಕ್ಯಾಮೆರಾ ಇತ್ತು." ತಲೆ ಕೊಡವಿದ. "ಯಾರು ಬೇಕಾದ್ರೂ ನೋಡ್ಲಿ ಅಂದೋನು ನಾನೇ. ಅರ್ಜಿ ಬರ್ಕೊಡು. ನಾನೂ ಬರ್ತೀನಿ."

ಮಾರನೇ ದಿನ ಇಬ್ಬರೂ ಹೋದರು. ಟೈಲರಕ್ಕ ನಡೆದದ್ದನ್ನು ಮುಚ್ಚಿಡಲಿಲ್ಲ. ಮೀಸೆಮಾಮನೂ ಬಂದು ಪಕ್ಕದಲ್ಲಿ ನಿಂತು, "ನಂದೇ ತಪ್ಪು ಮೇಡಂ," ಎಂದ. ಮೇಡಂ ಗದರಿಸಿದರು, ಮೇಲಿನವರಿಗೆ ವರದಿಯನ್ನೂ ಬರೆದರು. ಅವತ್ತೇ ಆ ಕೋಣೆಯ ಬೀಗ, ಪಾಸ್‌ವರ್ಡ್ ಎರಡೂ ಬದಲಾದವು.

"ಕ್ಯಾಮೆರಾ ಇರೋದು ಜನ ಜೋಪಾನವಾಗಿರಲಿ ಅಂತ," ಎಂದರು ಮೇಡಂ. "ಬಾಗಿಲು, ಮೊಗಸಾಲೆ ನೋಡುತ್ತೆ. ಶೌಚಾಲಯದ ಕಡೆ, ತಾಯಂದಿರು ಹಾಲು ಕುಡಿಸೋ ಕೋಣೆ ಕಡೆ ತಿರುಗೋ ಹಾಗೇ ಇಲ್ಲ. ಮಾತು ಹಿಡಿಯಲ್ಲ. ತೆರೆಯೋ ಅಧಿಕಾರ ಇಬ್ಬರಿಗೆ ಮಾತ್ರ. ತೆರೆದಾಗೆಲ್ಲ ಯಾಕೆ ಅಂತ ರಿಜಿಸ್ಟರಲ್ಲಿ ಬರೀಬೇಕು. ಪೊಲೀಸರು ಬಂದ್ರೂ ಕಾಗದ ತರಬೇಕು."

"ಇದನ್ನೆಲ್ಲ ನಮಗೆ ಯಾರು ಹೇಳಿದ್ರು ಮೇಡಂ?" ಕಂಡಕ್ಟರ್ ಕೇಳಿದ.

ಮೇಡಂ ಬಾಗಿಲ ಕಡೆ ಕೈ ತೋರಿಸಿದರು. ಅಲ್ಲೊಂದು ಫಲಕ. ಇಲ್ಲಿ ಕ್ಯಾಮೆರಾ ಇದೆ, ಯಾಕಿದೆ, ಯಾರ ಜವಾಬ್ದಾರಿ, ಯಾವ ನಂಬರಿಗೆ ಫೋನ್ ಮಾಡಬೇಕು, ಎಲ್ಲ ಬರೆದಿತ್ತು. ದಿನಾ ಅದರ ಕೆಳಗೇ ಹಾದುಹೋಗುವ ಜನ. ತಲೆ ಎತ್ತಿದವರು ಕಡಿಮೆ.

ಮೂರನೇ ದಿನ ಒಪ್ಪಿಗೆ ಬಂತು. ಫೋನುಗಳನ್ನು ಹೊರಗಿನ ತಟ್ಟೆಯಲ್ಲಿಟ್ಟು ಗಂಡ ಹೆಂಡತಿ ಒಳಗೆ ಕೂತರು. ಮೇಡಂ ತಾವೇ ಪರದೆ ಹಚ್ಚಿದರು. ಬೇರೆಯವರ ಮುಖ, ಮೈ ಎಲ್ಲ ಮಸುಕು ಮಾಡಿದ್ದರು. ಬೆಂಚಿನ ಮೇಲೊಂದು ಬೂದು ಮೋಡ ಕೂತಿತ್ತು. ಗೊತ್ತಿದ್ದ ಟೈಲರಕ್ಕನಿಗೂ ಅದು ಯಾರೆಂದು ಗುರುತು ಹತ್ತುತ್ತಿರಲಿಲ್ಲ. ಅವಳಿಗೆ ಎಷ್ಟೋ ಹಗುರಾಯಿತು.

ಆಮೇಲೆ ಅಮ್ಮ ಬಂದಳು.

ಬಲಗಾಲು ಊರಿ ಒಂಚೂರು ವಾಲಿದಳು. ಕೈಚೀಲ ಮೊಣಕಾಲಿಗೆ ಬಡಿಯಿತು. ಮೊಗಸಾಲೆಯ ಆ ತುದಿಗೆ ಹೋಗಿ ನಿಂತಳು, ಚೀಲದೊಳಗೆ ಕೈ ಹಾಕಿ ತಡಕಾಡಿದಳು, ಹಣೆ ಚಚ್ಚಿಕೊಂಡಳು.

"ಕನ್ನಡಕ! ಅವತ್ತು ಕೌಂಟರಲ್ಲೇ ಬಿಟ್ಟಿದ್ರು," ಎಂದರು ಮೇಡಂ.

ಅಮ್ಮ ತಿರುಗಿ ನಡೆದುಬಂದಳು. ಕನ್ನಡಕ ಹಿಡಿದು ಮತ್ತೆ ಅದೇ ದಾರಿಯಲ್ಲಿ ಹೋದಳು. ಒಂದು ಸಲ ಸಾಕು ಅಂದಿದ್ದ ಮಗಳಿಗೆ ಅಮ್ಮನ ಮರೆವು ಮೂರು ಸಲ ಕೊಟ್ಟಿತ್ತು. ಟೈಲರಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ, ಕಂಡಕ್ಟರಿಗೆ ತಿಳಿಯಲಿಲ್ಲ. ಅವಳ ಕೈ ಮಾತ್ರ ಹಿಡಿದುಕೊಂಡ.

"ಇಷ್ಟು ಮಾತ್ರ ನನಗೆ ಕೊಡ್ತೀರಾ ಮೇಡಂ? ಯಾರಿಗೂ ತೋರಿಸಲ್ಲ."

"ಕೊಡೋ ಹಾಗಿಲ್ಲಮ್ಮ. ಅಪರಾಧದ ತನಿಖೆ ಇದ್ರೆ ಮಾತ್ರ ಎತ್ತಿಡ್ತೀವಿ. ಗುರುವಾರಕ್ಕೆ ಮೂವತ್ತು ದಿನ ತುಂಬುತ್ತೆ." ಮೇಡಂ ಚಿತ್ರವನ್ನು ಮತ್ತೆ ಮೊದಲಿಗೆ ತಂದಿಟ್ಟರು. "ಬೇಕಾದ್ರೆ ಇನ್ನೊಂದ್ಸಲ ನೋಡಿ."

ಅವಳು ನೋಡಿದಳು. ರೆಪ್ಪೆ ಬಡಿಯದೆ ನೋಡಿದಳು. ಆಮೇಲೆ ರಿಜಿಸ್ಟರಿನಲ್ಲಿ ಸಹಿ ಹಾಕಿ ಹೊರಬಂದಳು.

ಗುರುವಾರ ಟೈಲರಕ್ಕ ಎಂದಿನಂತೆ ಅಂಗಡಿ ತೆರೆದಳು. ಕಂಡಕ್ಟರ್ ಅರ್ಧ ದಿನ ರಜೆ ಹಾಕಿ ಬಂದು ಅವಳ ಪಕ್ಕದಲ್ಲೇ ಕೂತಿದ್ದ. ಅಮ್ಮ ಲೈಬ್ರರಿಗೆ ಹೋಗುತ್ತಿದ್ದ ಹೊತ್ತಿಗೆ ಅವಳು ಮಷೀನು ನಿಲ್ಲಿಸಿದಳು. ಕಣ್ಣು ಮುಚ್ಚಿದಳು.

"ಬಂದ್ರಾ?" ಎಂದ ಗಂಡ.

"ಬಂದ್ಲು," ಎಂದಳು. "ನಡ್ಕೊಂಡೇ ಬಂದ್ಲು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇದು ಒಂದು ಲೈಬ್ರರಿಯ ಕಥೆ. ನಿಮ್ಮ ಕಡೆ ನಿಯಮ ಕೊಂಚ ಬೇರೆ ಇರಬಹುದು, ದಿನಗಳ ಲೆಕ್ಕ ಬೇರೆ ಇರಬಹುದು. ಅದನ್ನೇ ವಿಚಾರಿಸಿ. ಮುಂದಿನ ಸಲ ಆಸ್ಪತ್ರೆಗೋ ಶಾಲೆಗೋ ಸರ್ಕಾರಿ ಕಚೇರಿಗೋ ಹೋದಾಗ ಒಂದು ಗಳಿಗೆ ತಲೆ ಎತ್ತಿ ನೋಡಿ. ಕ್ಯಾಮೆರಾ ಇದ್ದರೆ ಫಲಕ ಇದೆಯೇ? ಚಿತ್ರ ಯಾರ ಕೈಯಲ್ಲಿರುತ್ತದೆ, ಎಷ್ಟು ದಿನ ಇರುತ್ತದೆ? ಇರಬಾರದ ಕಡೆ ತಿರುಗಿದ್ದರೆ ದೂರು ಕೊಡಿ. ನಿಮಗೆ ಬೇಕಾದ ಚಿತ್ರವಿದ್ದರೆ ತಡಮಾಡದೆ ಬರವಣಿಗೆಯಲ್ಲಿ ಕೇಳಿ. ಪರಿಚಯದವರು ಕದ್ದು ತೋರಿಸುತ್ತೇನೆ ಅಂದರೆ ಬೇಡ ಅನ್ನಿ. ಯಾರಾದರೂ ಅಂಥದ್ದನ್ನು ನಿಮ್ಮ ಫೋನಿಗೆ ಕಳಿಸಿದರೆ ಮುಂದಕ್ಕೆ ದಾಟಿಸಬೇಡಿ.

ಆ ಬೆಂಚಿನ ಮೇಲೆ ಇವತ್ತೂ ಯಾರೋ ಒಬ್ಬರು ಕೂತಿರುತ್ತಾರೆ. ಅವರು ನೆಮ್ಮದಿಯಾಗಿ ಅತ್ತು, ಮುಖ ಒರೆಸಿಕೊಂಡು ಮನೆಗೆ ಹೋಗಲಿ.