ಏಣಿ ಹಿಡಿದವಳು

ಗಂಟು ಉಗುರಿಗೆ ಬಗ್ಗಲಿಲ್ಲ. ಅವಳು ಮೊಣಕಾಲೂರಿ ಹಲ್ಲು ಹಚ್ಚಿ ಎಳೆದಳು. ನಿನ್ನೆ ಗಂಡನ ದೇಹವನ್ನು ಏಣಿಗೆ ಬಿಗಿದಿದ್ದ ಹಗ್ಗವನ್ನು ಮಸಣದಲ್ಲಿ ಕೊಯ್ದಿದ್ದರೂ ಏಣಿಗೆ ಹಾಕಿದ ಗಂಟು ಇನ್ನೂ ಬಿಗಿಯಾಗಿಯೇ ಇತ್ತು. ಹಾಲಿನವನು ಬಂದು ಹೋಗಿದ್ದ. ನಲ್ಲಿ ನೀರು ಬಂದು ನಿಂತಿತ್ತು. ಎಂದಿನ ಬೆಳಗು.

"ಬಿಡಮ್ಮ, ಗಂಟು ಹಾಗೇ ಇರಲಿ," ಎಂದರು ಗಂಡನ ಪ್ರಕಾಶಕರು, ಟೀ ಲೋಟ ಹಿಡಿದುಕೊಂಡು. "ಜನ ಬಂದು ನೋಡ್ತಾರೆ. ಅಷ್ಟೂ ಕಾದಂಬರಿ ಹುಟ್ಟಿದ್ದೇ ಈ ಏಣಿ ಮೇಲೆ."

"ಇದು ಪೇಂಟರಣ್ಣಂದು. ವಾಪಸ್ ಕೊಡಬೇಕು."

"ನಿಮ್ಮ ಮದುವೆಗೆ ಮುಂಚೆ ತಂದಿದ್ದು," ಎಂದರು ಭಾವ, ಗಂಡನ ಅಣ್ಣ. "ಕೊಟ್ಟವನೇ ಮರೆತಿದ್ದಾನೆ. ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ?"

ಊರನ್ನು ಸೀಳಿ ನಿಂತ ಗೋಡೆ ಅವರ ಮನೆಯ ಹಿಂದೆಯೇ ಹಾಯುತ್ತಿತ್ತು. ಗಂಡ ಹುಟ್ಟಿದ ಮನೆ ಆ ಕಡೆ. ಚಿಕ್ಕವನಿದ್ದಾಗಲೇ ದಾರಿ ಮುಚ್ಚಿತ್ತು. ಬರೆದ ಎಲ್ಲ ಪುಸ್ತಕಗಳಲ್ಲೂ ಆ ಮನೆ, ಅದರ ಬಾಲ್ಕನಿ. ಈ ಮನೆಯನ್ನು ಸ್ಮಾರಕ ಮಾಡುವುದೆಂದು ಪ್ರಕಾಶಕರೂ ಭಾವನೂ ನಿನ್ನೆಯೇ ಮಾತಾಡಿ ಮುಗಿಸಿದ್ದರು.

"ಬಂದೋರಿಗೆ ಒಂದ್ಸಲ ಏಣಿ ಹತ್ತಿಸಿ ಆ ಕಡೆ ತೋರಿಸೋಣ. ನೀನು ಕೆಳಗೆ ಹಿಡ್ಕೊಂಡ್ರೆ ಸಾಕು," ಎಂದರು ಪ್ರಕಾಶಕರು.

"ನಿನಗೂ ಒಂದು ನೆಲೆ ಆಯ್ತು," ಎಂದರು ಭಾವ.

ಮದುವೆಗೆ ಮುಂಚೆ ಅವಳು ಪಾಠ ಹೇಳುತ್ತಿದ್ದ ಕಾಲೇಜು ಬೇರೆ ಊರಿನಲ್ಲಿತ್ತು. ಅಲ್ಲಿ ಜಾಗ ಖಾಲಿಯಿದೆ, ಬಂದುಬಿಡು ಎಂದು ಗೆಳತಿ ನಿನ್ನೆ ಕಿವಿಯಲ್ಲಿ ಹೇಳಿ ಹೋಗಿದ್ದಳು. ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

*

ನಿನ್ನೆ ಮಹಡಿಯಿಂದ ದೇಹ ಇಳಿಸುವುದೇ ಫಜೀತಿಯಾಗಿತ್ತು. ಆಸ್ಪತ್ರೆಯವರ ಸ್ಟ್ರೆಚರು ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು.

"ಅಷ್ಟು ದಪ್ಪ ದಪ್ಪ ಪುಸ್ತಕ ಬರೆದೋನು, ಮನೆ ನೋಡಿ, ಬೆಂಕಿಪೆಟ್ಟಿಗೆ," ಎಂದ ಪಕ್ಕದ ಮನೆಯ ದರ್ಜಿ.

"ತಾರಸಿ ಮೇಲೆ ನನ್ನ ಏಣಿ ಇದೆಯಲ್ಲ, ತನ್ನಿ, ಅಗಲ ಕಮ್ಮಿ, ತೂರುತ್ತೆ," ಎಂದ ಪೇಂಟರು. "ಹುಷಾರು, ತುದಿ ಮೆಟ್ಟಿಲು ಸ್ವಲ್ಪ ಸಡಿಲ."

ಬೀದಿ ತುದಿಯ ಚೌಕಿಯಲ್ಲಿ ಸಿಪಾಯಿ ಅಡ್ಡ ಬಂದ. ಗೋಡೆಯ ಬೀದಿಯಲ್ಲಿ ಏಣಿ ಇಟ್ಟುಕೊಳ್ಳುವಂತಿರಲಿಲ್ಲ.

"ಏಣಿಗೆ ಪರವಾನಗಿ?"

"ಮೇಲೆ ಮಲಗಿದ್ದಾರಲ್ಲ, ಅವರನ್ನೇ ಕೇಳಪ್ಪ," ಎಂದ ದರ್ಜಿ.

ಸಿಪಾಯಿ ಟೋಪಿ ತೆಗೆದ. ಸಂಜೆ ಭಾವ ಮುಸುಕು ಹೊದಿಸಿ ಏಣಿಯನ್ನು ವಾಪಸು ತಂದರು. ಅವನು ನೋಡಿಯೂ ನೋಡದಂತೆ ಬಿಟ್ಟ.

*

ಪ್ರತಿ ಸಂಜೆ ಗಂಡ ಹತ್ತುವಾಗ ಅವಳು ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದಳು.

"ಗಟ್ಟಿಯಾಗಿ ಹಿಡ್ಕೊಳೇ. ನೀನು ಕೈಬಿಟ್ರೆ ಗಂಡನೂ ಇಲ್ಲ, ಕಾದಂಬರಿನೂ ಇಲ್ಲ."

"ಏನು ಕಾಣ್ತಿದೆ?"

"ತಡಿ, ಬರೆದ ಮೇಲೆ ಓದು."

"ನಾನೂ ಒಂದ್ಸಲ ಹತ್ತಲಾ?"

"ನಿನ್ನನ್ನ ಹಿಡ್ಕೊಳ್ಳೋರು ಯಾರು? ನನ್ನ ಸೊಂಟ ಕೇಳುತ್ತಾ?"

ಇಬ್ಬರೂ ನಗುತ್ತಿದ್ದರು. ಅವಳು ನಗುವಾಗಲೂ ಕೈ ಸಡಿಲಿಸುತ್ತಿರಲಿಲ್ಲ.

*

ಗಂಟು ಬಿಚ್ಚಿತು. "ಕೊಡೋ ಮುಂಚೆ ಒಂದ್ಸಲ ಹತ್ತಿ ನೋಡ್ತೀನಿ," ಎಂದಳು.

ತಾರಸಿಯಲ್ಲಿ ಏಣಿಯನ್ನು ಎಂದಿನ ಜಾಗದಲ್ಲೇ ಒರಗಿಸಿದಳು. ಪ್ರಕಾಶಕರು ಏದುಸಿರು ಬಿಡುತ್ತಾ ಬಂದು ಬುಡ ಹಿಡಿದರು. ಅವಳು ಹತ್ತಿದಳು. ಕೊನೆಯ ಮೆಟ್ಟಿಲಲ್ಲಿ ನಿಂತು ಕತ್ತು ಚಾಚಿದಳು. ಎದುರಿಗೆ ತಗಡು. ಗೋಡೆ ಕಾಯುವವರು ಅದರ ಮೇಲೆ ಯಾವಾಗಲೋ ಏರಿಸಿದ ತಗಡು, ತುಕ್ಕು ಹಿಡಿದು, ತಲೆಯಿಂದ ಇನ್ನೂ ಮೇಲಕ್ಕೆ ಹೋಗಿತ್ತು. ಕೆಳಗಿನಿಂದ ನೋಡುವಾಗ ಅಷ್ಟು ಎತ್ತರ ಅನಿಸಿರಲಿಲ್ಲ.

ಹಿಂದಕ್ಕೆ ತಿರುಗಿದಳು. ತಮ್ಮದೇ ತಾರಸಿ, ತಮ್ಮದೇ ತಂತಿ. ಸಾವಿನ ಹಿಂದಿನ ದಿನ ಅವಳು ಒಣಹಾಕಿದ್ದ ಹೊದಿಕೆಯನ್ನು ಯಾರೂ ತೆಗೆದಿರಲಿಲ್ಲ. ಅದರ ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆಯಿಂದ ಅವಳೇ ಮಾಡಿದ ಸುಟ್ಟ ಗುರುತು. ಅವನ ಕೊನೆಯ ಕಾದಂಬರಿಯಲ್ಲಿ ಆ ಕಡೆಯ ಬಾಲ್ಕನಿಯಲ್ಲಿ ಒಬ್ಬಳು ಅಂಥದ್ದೇ, ಮೂಲೆ ಸುಟ್ಟ ಹೊದಿಕೆ ಹರವುತ್ತಾಳೆ. ಯಾರು ಕರೆದರೂ ಅವಳು ಮನೆಯಿಂದ ಹೊರಗೆ ಬರುವುದಿಲ್ಲ.

"ಮನೆ ಕಾಣುತ್ತಾ?" ಕೆಳಗಿನಿಂದ ಪ್ರಕಾಶಕರು.

ಅವಳು ತಗಡಿನ ಕಡೆ ತಿರುಗಿದಳು. "ಕಾಣುತ್ತೆ."

"ಬಾಲ್ಕನಿ?"

"ಬಾಲ್ಕನಿನೂ ಇದೆ. ಹೊದಿಕೆ ಹಾಕಿದ್ದಾರೆ."

"ಆ ಸುಟ್ಟ ಗುರುತು?"

"ಇದೆ."

ಪ್ರಕಾಶಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಸರಿ, ನಾನೂ ಒಂದ್ಸಲ ಹತ್ತುತ್ತೀನಿ. ನೀನು ಹಿಡ್ಕೊ."

"ಮೇಲಿನ ಮೆಟ್ಟಿಲು ಸಡಿಲ. ನಿಮ್ಮನ್ನ ತಡೆಯಲ್ಲ," ಎಂದು ಇಳಿದಳು.

ಅವರಿಬ್ಬರೂ ಕೆಳಗೆ ಊಟಕ್ಕೆ ಕೂತಾಗ ಅವಳು ಏಣಿಯನ್ನು ಹೆಗಲಿಗೇರಿಸಿ ಬೀದಿಗಿಳಿದಳು.

ಚೌಕಿಯಲ್ಲಿ ಅದೇ ಸಿಪಾಯಿ. "ಇವತ್ಯಾರು?"

"ಯಾರೂ ಇಲ್ಲ."

ಅವನು ಅವಳ ಮುಖ ನೋಡಿದ. "ಹೊರಗೆ ಒಯ್ಯಿರಿ ಅಕ್ಕ. ಮತ್ತೆ ಒಳಗೆ ತಂದ್ರೆ ನಾನು ಬಿಡೋ ಹಾಗಿಲ್ಲ."

ಪೇಂಟರ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಗೆ ಒಂದಾಳೆತ್ತರ ನೀಲಿ, ಅದರ ಮೇಲೆ ಚಾವಣಿಯವರೆಗೂ ಹಳೆಯ ಕೊಳೆ ಬಣ್ಣ.

"ಇದ್ಯಾಕೆ ಹೀಗೆ?"

"ಏಣಿ ಇಲ್ಲದೆ ಎಟುಕಿದಷ್ಟು ಬಳಿದೆ," ಎಂದು ಪೇಂಟರು ನಕ್ಕ. "ನಾನು ಬಳಿದ ಮನೆಯೆಲ್ಲ ಹೀಗೇ, ಅಮ್ಮ. ಎಲ್ರೂ ಬೈತಿದ್ರು."

"ಕೇಳಬಾರದಿತ್ತಾ?"

"ಸಾರ್ ಅದರ ಮೇಲೆ ನಿಂತು ಗೋಡೆಯಾಚೆಯ ನಮ್ಮ ಹಳೇ ಬೀದಿನೇ ಬರೀತಿದ್ರು. ಹೇಗೆ ಕೇಳೋದು?"

ಅವನು ಏಣಿಯನ್ನು ಗೋಡೆಗೆ ಒರಗಿಸಿದ. ತುದಿ ಮೆಟ್ಟಿಲನ್ನು ಕೈಯಿಂದ ಅಲ್ಲಾಡಿಸಿ ನೋಡಿದ. ಮೂಲೆಯಲ್ಲಿದ್ದ ಡಬ್ಬ, ಕುಂಚ ತೆಗೆದುಕೊಂಡು, ತಡೆಯಲಾರದವನಂತೆ ಅಲ್ಲಿಯೇ ಹತ್ತತೊಡಗಿದ. ಅವಳ ಕೈಗಳು ತಾವಾಗಿಯೇ ಹೋಗಿ ಬುಡ ಹಿಡಿದವು.

"ಬಿಡಿ ಅಮ್ಮ, ನೀವು ಹೊರಡಿ. ಇದಕ್ಕೆ ಯಾರೂ ಹಿಡ್ಕೋಬೇಕಾಗಿಲ್ಲ. ತಾನೇ ನಿಲ್ಲುತ್ತೆ. ಕೊಟ್ಟಾಗಲೇ ಸಾರ್‌ಗೂ ಹೇಳಿದ್ದೆ."

"ಹೂಂ," ಎಂದಳು.

ಮೇಲೆ ಕುಂಚ ಆಡುವ ಸದ್ದು. ನೀಲಿ ಹನಿಯೊಂದು ಅವಳ ಮುಂಗೈ ಮೇಲೆ ಬಿತ್ತು. ಇನ್ನೊಂದು ಬಿತ್ತು. ಒರೆಸಿಕೊಳ್ಳಬೇಕೆಂದರೆ ಕೈ ಬಿಡಬೇಕಿತ್ತು.