ಇಳಿಯೋಕೆ ಬೇರೆ ಚಾರ್ಜು

"ಬಿಡಿ ಲಿಂಗಪ್ಪಣ್ಣ, ಗಂಟು ನಾನ್ ಹಾಕ್ತೀನಿ," ಎಂದು ಪವಿತ್ರಾ ಅವನ ಕೈಯಿಂದ ಹಗ್ಗ ಕಿತ್ತುಕೊಂಡಳು. ಚಟ್ಟದ ಮೇಲೆ ಅವಳ ಅಜ್ಜ ಗುರುವಯ್ಯ ಹೊಸ ಪಂಚೆಯಲ್ಲಿ ಮಲಗಿದ್ದ. ಬಂಡೆ ಹತ್ತುವಾಗ ಸೊಂಟಕ್ಕೆ ಹಾಕಿಕೊಳ್ಳುವ ಗಂಟನ್ನೇ ಅವಳು ನಾಲ್ಕು ಮೂಲೆಗೂ ಬಿಗಿದು, ಒಂದೊಂದನ್ನೂ ಜಗ್ಗಿ ನೋಡಿದಳು.

"ಚಟ್ಟಕ್ಕೆ ಎಳೆದ್ರೆ ಬಿಚ್ಚೋ ಗಂಟು ಹಾಕ್ಬೇಕು ಮಾರಾಯ್ತಿ. ಗುಂಡಿ ಹತ್ರ ಯಾರು ಬಿಚ್ಚೋದು ಇದನ್ನ?"

"ಅಜ್ಜ ಬಿದ್ರೆ?"

"ಇನ್ ಬಿದ್ರೆ ಏನಾಗುತ್ತೆ ಅವ್ನಿಗೆ?"

ಅಳುತ್ತಿದ್ದ ಅಜ್ಜಿ ಮುತ್ತಮ್ಮನೇ ಮೊದಲು ನಕ್ಕಳು. ಅವಳ ಗಂಡ ಜೀವಮಾನವಿಡೀ ಎಸ್ಟೇಟುಗಳಲ್ಲಿ ಮರಗಸಿ ಮಾಡಿದವನು. ಸಿಲ್ವರ್ ಮರದ ತುದಿಗೆ ಹತ್ತಿ, ಕಾಫಿಗೆ ಬಿಸಿಲು ಬೀಳುವಂತೆ ಕೊಂಬೆ ಸವರಿದವನು. ಒಮ್ಮೆಯೂ ಬೀಳಲಿಲ್ಲ. ಸತ್ತದ್ದು ಮನೆ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ.

"ಗಟ್ಟಿಯಾಗೇ ಕಟ್ಟು," ಎಂದಳು ಮುತ್ತಮ್ಮ. "ಆ ಮನುಷ್ಯನ್ನ ನಂಬಕ್ಕಾಗಲ್ಲ. ಎದ್ದು ಬಂಡೆ ಕಡೆ ಹೋದ್ರೂ ಹೋಗ್ಬೋದು."

*

ಎಮ್ಮೆಬಂಡೆ ಕಾಗದದಲ್ಲಿ ಮಾತ್ರ ಎಸ್ಟೇಟಿನ ಚನ್ನಕೇಶವ ಗೌಡರದು. ಅದರ ಬುಡದಲ್ಲಿ ಊರ ದನ ಮೇಯುತ್ತಿದ್ದವು, ಮೈಮೇಲೆ ಮಕ್ಕಳು ಹತ್ತುತ್ತಿದ್ದರು, ಪಕ್ಕದ ಕಾಲುದಾರಿಯಲ್ಲೇ ಹೆಣಗಳು ಮಸಣಕ್ಕೆ ಹೋಗುತ್ತಿದ್ದವು. ರೆಸಾರ್ಟಿನವರು ಬಂದು ಕೇಳಿದ್ದೇ ತಡ, ಗೌಡರು ಮುಳ್ಳುತಂತಿ ಎಳೆಸಿ ಗೇಟಿಗೆ ಬೀಗ ಜಡಿದರು. ಅವತ್ತಿನಿಂದ ಊರ ಹೆಣಗಳೂ ಟಾರು ರಸ್ತೆಯಲ್ಲಿ ಸುತ್ತಿಕೊಂಡು ಹೋಗಬೇಕಾಯಿತು. ಸತ್ತವರಿಗೂ ದಾರಿ ಬಿಡದ ಬೀಗ ಅದು.

ಬಂಡೆ ಹತ್ತುವ ಹುಡುಗರನ್ನು ಕಟ್ಟಿಕೊಂಡು ಪವಿತ್ರಾ ಒಂದು ಟ್ರಸ್ಟ್ ಮಾಡಿದಳು. ಜಾಗ ಕೊಳ್ಳುವುದು, ಆಮೇಲೆ ಯಾರೂ ಲಾಭ ತಿನ್ನುವಂತಿಲ್ಲ, ಮಾರುವಂತಿಲ್ಲ, ಹತ್ತಲು ಬಂದವರನ್ನು ತಡೆಯುವಂತಿಲ್ಲ. "ರೆಸಾರ್ಟಿನೋರ ರೇಟು ನೀವೇ ಕೊಡಿ, ನಿಮಗೇ ಬರ್ಕೊಡ್ತೀನಿ," ಎಂದು ಗೌಡರು ನಕ್ಕರು.

ದುಡ್ಡೆತ್ತುವ ಉಪಾಯ ಗುರುವಯ್ಯನದು. ಗೋಣಿಬೀಡು ಸಂತೆಯ ಪಕ್ಕದ ಸಿಲ್ವರ್ ಮರಕ್ಕೆ ಹಗ್ಗ ಹಾಕಿ, ಡಬ್ಬಕ್ಕೆ ದುಡ್ಡು ಹಾಕಿದವರನ್ನು ಮೇಲೆ ಹತ್ತಿಸತೊಡಗಿದ. ತುದಿಯಿಂದ ಎಮ್ಮೆಬಂಡೆ ಕಾಣುತ್ತಿತ್ತು. ನೋಡಿ ಇಳಿದವರು ಇನ್ನೊಂದು ನೋಟು ಹಾಕುತ್ತಿದ್ದರು.

ದಿನಸಿ ಅಂಗಡಿಯ ಲಿಂಗಪ್ಪ ಅರ್ಧಕ್ಕೆ ಹೋಗಿ ಮರ ತಬ್ಬಿಕೊಂಡುಬಿಟ್ಟ.

"ಇಳ್ಸೋ ಗುರುವಯ್ಯ, ಇಳ್ಸೋ!"

ಕೆಳಗೆ ಹಗ್ಗ ಹಿಡಿದಿದ್ದ ಗುರುವಯ್ಯ ಬೀಡಿಯನ್ನು ತುಟಿಯ ಈ ಕಡೆಯಿಂದ ಆ ಕಡೆಗೆ ದಾಟಿಸಿದ. "ನೀ ಕೊಟ್ಟಿದ್ದು ಹತ್ತೋಕೆ ಮಾರಾಯ. ಇಳಿಯೋಕೆ ಬೇರೆ ಚಾರ್ಜು."

ಸಂತೆಗೆ ಸಂತೆಯೇ ನಕ್ಕಿತು. ಆ ಮಾತು ಊರೂರು ತಿರುಗಿತು. ಕಾಫಿ ಹಣ್ಣು ಕುಯ್ಯುವ ಹೆಂಗಸರು, ಕಳಸದ ಜೀಪಿನವರು, ಎಲ್ಲೆಲ್ಲಿಯದೋ ಬಂಡೆ ಹತ್ತುವವರು, ಎಲ್ಲರೂ ಕೊಟ್ಟರು. ಹೋದ ವಾರ ಜಾಗ ಟ್ರಸ್ಟಿನ ಹೆಸರಿಗೆ ರಿಜಿಸ್ಟ್ರಾಯಿತು.

ಬೀಗದ ಕೈ ಮಾತ್ರ ಬರಲಿಲ್ಲ. "ಧನುರ್ಮಾಸ ಕಳೀಲಿ. ಒಳ್ಳೆ ದಿನ ನೋಡಿ ಕೊಡ್ತೀನಿ," ಎಂದರು ಗೌಡರು.

"ಕಲ್ಲಿಗೆಂಥ ಮಾಸ?" ಎಂದು ಗುರುವಯ್ಯ ಮೊಮ್ಮಗಳ ಮುಂದೆ ಗೊಣಗಿದ್ದ. "ನೋಡ್ತಿರು, ಆ ಗೇಟು ದಾಟದೆ ನಾನು ಮಣ್ಣಿಗೆ ಹೋಗಲ್ಲ."

*

ತಮಟೆಯವರು ಟಾರು ರಸ್ತೆಯ ಕಡೆ ತಿರುಗಿದರು. ಚಟ್ಟದ ಮುಂದಿನ ಬೊಂಬು ಹೊತ್ತಿದ್ದ ಪವಿತ್ರಾ ಬಂಡೆಯ ಕಡೆ ತಿರುಗಿದಳು. ಹೊತ್ತವರೆಲ್ಲ ಅವಳ ಜೊತೆಗೇ ತಿರುಗಬೇಕಾಯಿತು.

ಗೇಟಿನ ಬಳಿ ಚನ್ನಕೇಶವ ಗೌಡರು ಚೆಂಡುಹೂವಿನ ಹಾರ ಹಿಡಿದು ಜೀಪಿನಿಂದ ಇಳಿದರು. ಮರಗಸಿಗೆ ಅವರಿಗೆ ಗುರುವಯ್ಯನೇ ಆಗಬೇಕಿತ್ತು. ಬೇರೆಯವರ ಕತ್ತಿಯನ್ನು ಅವರು ನಂಬಿದವರಲ್ಲ.

"ಬೀಗ ತೆಗೀರಿ ಗೌಡ್ರೆ," ಎಂದಳು ಪವಿತ್ರಾ.

"ಕೈ ಮನೇಲಿದೆ ಕಣಮ್ಮ. ಅಲ್ದೆ, ಹೊಸ ಜಾಗಕ್ಕೆ ಮೊದ್ಲು ಹೆಣ ಹೋಗ್ಬಾರ್ದು. ನಿಮ್ಮ ಒಳ್ಳೇದಕ್ಕೇ ಹೇಳೋದು."

"ಜಾಗ ನಮ್ದು. ಬೀಗ ಒಂದೇ ನಿಮ್ದು. ಅದನ್ನ ನೀವೇ ಇಟ್ಕೊಳ್ಳಿ." ಅವಳು ತಲೆಯೆತ್ತಿ ನೋಡಿದಳು. ಗೇಟಿನ ಮೇಲೆ ಹಲಸಿನ ಕೊಂಬೆ ಚಾಚಿಕೊಂಡಿತ್ತು. "ದರ್ಶನ್, ಹತ್ತು."

ಟ್ರಸ್ಟಿನ ಹುಡುಗ ದರ್ಶನ್ ಹಗ್ಗ ಹೆಗಲಿಗೆ ಹಾಕಿಕೊಂಡು ಅಳಿಲಿನಂತೆ ಮೇಲೇರಿದ. ಹಗ್ಗ ಕೊಂಬೆಯ ಮೇಲಿಂದ ಇಳಿದು ಬಂತು, ಪವಿತ್ರಾ ಅದನ್ನು ಚಟ್ಟಕ್ಕೆ ಬಿಗಿದಳು. ಲಿಂಗಪ್ಪ ಬಗ್ಗಿ ನಾಲ್ಕು ಗಂಟನ್ನೂ ಮುಟ್ಟಿ ನೋಡಿ, ಹೋಗಿ ಹಗ್ಗದ ಇನ್ನೊಂದು ತುದಿ ಹಿಡಿದ. ಅವನ ಹಿಂದೆ ಹಣ್ಣು ಕುಯ್ಯುವ ಹೆಂಗಸರು ಹಿಡಿದರು.

ಗುರುವಯ್ಯ ಎದ್ದ. ಗಂಟುಗಳು ಮಿಸುಕಲಿಲ್ಲ. ಮೈಮೇಲಿನ ಮಂಡಕ್ಕಿ ಉದುರಿ ಬೀಗದ ಮೇಲೆ ಬಿತ್ತು. ಗೇಟಿನ ಮೇಲೆ ಚಟ್ಟ ಒಮ್ಮೆ ಮೆಲ್ಲಗೆ ತಿರುಗಿ, ಅವನ ಮುಖ ಬಂಡೆಯ ಕಡೆ ಆಯಿತು. ತಮಟೆಯವರು ಹೆಣದ ಗತ್ತು ಮರೆತು ಮದುವೆಯ ಗತ್ತು ಹಿಡಿದರು. ಯಾರೂ ಬೇಡ ಅನ್ನಲಿಲ್ಲ.

"ನಿಧಾನಕ್ಕೆ ಇಳ್ಸಿ," ಎಂದು ಮುತ್ತಮ್ಮ ಕಣ್ಣೊರೆಸಿಕೊಂಡಳು. "ಚಾರ್ಜು ನಾನ್ ಕೊಡ್ತೀನಿ."

ಚಟ್ಟ ಆಚೆ ಇಳಿಯಿತು. ಜನ ಒಬ್ಬೊಬ್ಬರೇ ಗೇಟು ಹತ್ತಿ ದಾಟಿದರು. ಮುತ್ತಮ್ಮನನ್ನು ನಾಲ್ಕು ಜನ ಹಬ್ಬದ ದೇವರಂತೆ ಎತ್ತಿ ದಾಟಿಸಿದರು. ಈಚೆ ಉಳಿದವರು ಗೌಡರು ಒಬ್ಬರೇ. ಹಾರ ಇನ್ನೂ ಕೈಯಲ್ಲಿತ್ತು, ಹಿಡಿ ಮಣ್ಣು ಹಾಕುವುದು ಬಾಕಿಯಿತ್ತು. ಸುತ್ತಮುತ್ತ ನೋಡಿದರು. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿದರು.

ಮೇಲಿನ ಸರಳಿನವರೆಗೆ ಹತ್ತಿದರು. ಅಲ್ಲಿ ಪಂಚೆ ಮುಳ್ಳುತಂತಿಗೆ ಸಿಕ್ಕಿಕೊಂಡಿತು. ಬೀಗದ ಮೇಲೆ ಒಂದು ಕಾಲು ಈಚೆ, ಒಂದು ಕಾಲು ಆಚೆ ಹಾಕಿ, ಕುತ್ತಿಗೆಗೆ ಚೆಂಡುಹೂವಿನ ಹಾರ ಹಾಕಿಕೊಂಡು, ಎರಡೂ ಕೈಯಲ್ಲಿ ಗೇಟು ತಬ್ಬಿಕೊಂಡು ಚನ್ನಕೇಶವ ಗೌಡರು ಕೂತಿದ್ದರು. ಆಚೆ ಇಡೀ ಊರು ತಲೆಯೆತ್ತಿ ನಿಂತಿತ್ತು. ಲಿಂಗಪ್ಪ ಬಾಯಿ ತೆರೆಯುವ ಮೊದಲೇ ಪವಿತ್ರಾ ಹಗ್ಗದ ತುದಿ ಅವರತ್ತ ಎಸೆದಳು.