ಕೆಂಚನ ಗರಿ

ಕಳೆದ ದೀಪಾವಳಿಯಿಂದ ಈ ಯುಗಾದಿಯವರೆಗೆ ವನಜಾ ಒಂದು ಭಾನುವಾರವನ್ನೂ ತಪ್ಪಿಸದೆ ಹೊಳೆಗೆ ಹೋದಳು, ಮೀನು ಹಿಡಿದಳು, ಹಿಡಿದದ್ದನ್ನೆಲ್ಲ ಹೊಳೆಗೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದಳು. ಊರಿನವರು ಅವಳಿಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದರು. ಅನ್ನಲಿ ಬಿಡಿ, ಅವಳ ಹೊಟ್ಟೆಯೊಳಗಿನ ಉರಿಯನ್ನು ಊರಿನವರೇನು ಕಂಡಿದ್ದರೇ? ಈಗ ಬೇಸಿಗೆ. ಶಿಂಷೆ ಬಂಡೆಗಳ ನಡುವೆ ಬಡಕಲಾಗಿ ಹರಿಯುತ್ತಿದೆ, ಗಾಳದ ಕೋಲು ಅಟ್ಟ ಸೇರಿದೆ. ಜಗಲಿಯ ಮೇಲೆ ಕೂತು ಆ ದಿನಗಳನ್ನು ನೆನೆಸಿಕೊಂಡರೆ ವನಜಾಳಿಗೆ ಒಂದು ಚೂರೂ ಪಶ್ಚಾತ್ತಾಪವಾಗುವುದಿಲ್ಲ.

ಹಲಗೂರಿನ ಆಚೆ ಹೊಳೆ ದಂಡೆಯಲ್ಲಿ, ಪರವೂರಿನ ದುಡ್ಡಿದ್ದವರು ಬಂದು ಮೀನು ಹಿಡಿದು ಆಡುವ ಒಂದು ಕ್ಯಾಂಪಿತ್ತು. ವನಜಾ ಅದರ ಆಫೀಸು ನೋಡಿಕೊಳ್ಳುತ್ತಿದ್ದಳು. ಆ ಜನ ಗಾಳಕ್ಕೆ ಎರೆಹುಳ ಸಿಕ್ಕಿಸುವವರಲ್ಲ. ಗಾಳದ ಮುಳ್ಳಿಗೆ ದಾರ ಸುತ್ತಿ, ಗರಿ ಕಟ್ಟಿ, ಥೇಟ್ ಹುಳದ ಹಾಗೆ ಮಾಡಿ, ಚಾಟಿ ಬೀಸಿದಂತೆ ಬೀಸಿ ನೀರಿನ ಮೇಲೆ ಮೆಲ್ಲಗೆ ಇಳಿಸುತ್ತಿದ್ದರು. ಹುಳವೆಂದು ನಂಬಿದ ಮೀನು ಬಾಯಿ ಹಾಕುತ್ತಿತ್ತು. ಅವರು ಅದನ್ನು ಫ್ಲೈ ಎನ್ನುತ್ತಿದ್ದರು, ವನಜಾ ಗರಿಹುಳ ಎಂದು ಕರೆದಳು. ಬಿಡುವಿದ್ದಾಗಲೆಲ್ಲ ನೋಡಿ ನೋಡಿ ಕಲಿತಳು. ಕ್ಯಾಂಪು ಮುಚ್ಚಿದಾಗ ಒಂದು ಕೋಲೂ ಗರಿ ಕಟ್ಟುವ ಪುಟ್ಟ ಇಕ್ಕಳವೂ ಅವಳ ಪಾಲಿಗೆ ಬಂದವು. ಆಮೇಲೆ ಮಳವಳ್ಳಿಯ ಒಂದು ಕಾಲೇಜಿನ ಆಫೀಸಿಗೆ ಸೇರಿದಳು. ಮದುವೆ ಬೇಡವೆಂದು ಹಟ ಹಿಡಿದು ನಲವತ್ತು ದಾಟಿದ ಹೆಂಗಸು, ತಮ್ಮ ಸಿದ್ದರಾಮುವಿನ ಸಂಸಾರದ ಜೊತೆ ತವರಿನಲ್ಲೇ ಇದ್ದಳು.

ಗರಿಹುಳಕ್ಕೆ ಹುಂಜದ ಕತ್ತಿನ ಗರಿಯೇ ಆಗಬೇಕು, ಅದೂ ಬಲಿತ ಹುಂಜದ್ದು. ಎಳೆಯದಾದರೆ ನೀರು ಕುಡಿದು ಮುಳುಗುತ್ತದೆ. ಅದಕ್ಕೆಂದೇ ವನಜಾ ಕೆಂಚನೆಂಬ ಹುಂಜವನ್ನು ಸಾಕಿದ್ದಳು. ಮರಿಯಾಗಿದ್ದಾಗ ಹದ್ದಿನ ಕಣ್ಣಿಗೆ ಬೀಳದಂತೆ ಬುಟ್ಟಿ ಮುಚ್ಚಿ ಕಾದಿದ್ದಳು. ಬೆಳೆದ ಮೇಲೆ ಅವನ ಕತ್ತಿನ ಗರಿ ಆಲೆಮನೆಯ ಪಾಕದ ಬಣ್ಣಕ್ಕೆ ತಿರುಗಿ ಬಿಸಿಲಿಗೆ ಹೊಳೆಯುತ್ತಿತ್ತು. ಸಂಜೆ ಅವಳ ಸ್ಕೂಟಿಯ ಸದ್ದು ಕೇಳಿದರೆ ಗೇಟಿಗೆ ಓಡಿ ಬರುತ್ತಿದ್ದ, ತೊಡೆಯೇರಿ ಕೂತು ಕಣ್ಣು ಮುಚ್ಚುತ್ತಿದ್ದ. ತಾನಾಗಿ ಉದುರಿದ ಗರಿಯನ್ನು ಮಾತ್ರ ಅವಳು ಎತ್ತಿಟ್ಟುಕೊಳ್ಳುತ್ತಿದ್ದಳು.

ದೀಪಾವಳಿ ಮುಗಿದ ವಾರದಲ್ಲಿ ಸಿದ್ದರಾಮುವಿನ ಹೆಂಡತಿ ರಂಜಿತಳ ತವರಿನವರು ಮದ್ದೂರಿನಿಂದ ಬಂದರು. ಬೀಗರಿಗೆ ನಾಟಿಕೋಳಿ ಸಾರು ಹಾಕದೆ ಕಳಿಸಿದರೆ ಗೌಡರ ಮನೆಯ ಮರ್ಯಾದೆ ಏನಾಗಬೇಕು? ಸಿದ್ದರಾಮು ಹಿತ್ತಲಲ್ಲಿ ಸುತ್ತ ಕಣ್ಣಾಡಿಸಿದ, ಕೆಂಚ ಕಂಡ. ವನಜಾ ಕಾಲೇಜು ಮುಗಿಸಿ ಬರುವಷ್ಟರಲ್ಲಿ ಸಾರಿನ ಘಮ ಬೀದಿಗೆ ಬಂದಿತ್ತು. ಹಸಿದು ಬಂದವಳು ಕೈಕಾಲು ತೊಳೆದು ಕೂತು ಮುದ್ದೆ ಮುರಿದಳು.

"ಸಾರು ಬೋ ಚೆಂದಾಗದೆ ಕಣೆ ರಂಜಿತ, ಇನ್ನೊಂದ್ ಸೌಟು ಬುಡು" ಎಂದು ಕೇಳಿ ಹಾಕಿಸಿಕೊಂಡಳು. ರಂಜಿತ ತಲೆಯೆತ್ತದೆ ಬಡಿಸಿದಳು.

ಊಟವಾದ ಮೇಲೆ ಅಕ್ಕಿನುಚ್ಚು ಹಿಡಿದು ಹಿತ್ತಲಿಗೆ ಹೋಗಿ "ಕೆಂಚಾ, ಬಾ ಬಾ ಬಾ" ಎಂದು ಕರೆದಳು. ಇನ್ನೊಮ್ಮೆ ಕರೆದಳು. ಕೊಟ್ಟಿಗೆಯ ಹಿಂದೆ ಹೋಗಿ ನೋಡಿದಳು.

"ಎಲ್ಲಿಂದ ಬತ್ತಾನಕ್ಕಾ?" ಜಗಲಿಯಿಂದ ಸಿದ್ದರಾಮು ಕೂಗಿದ. "ನಿನ್ ಒಟ್ಟೆ ಒಳ್ಗೇ ಅವ್ನಲ್ಲ! ಕೇಳ್ಕೇಳಿ ಬುಡುಸ್ಕಂಡಲ್ಲ!"

ಬೀಗರು ಬಿದ್ದು ಬಿದ್ದು ನಕ್ಕರು. ವನಜಾ ಬಚ್ಚಲಿಗೆ ಓಡಿ ಕಕ್ಕಿದಳು. ಆ ಸದ್ದು ಕೇಳಿ ಮತ್ತೂ ನಕ್ಕರು. "ಒಂದ್ ಉಂಜುಕ್ಕೆ ಇಂಗಾಡ್ತೀಯಲ್ಲಕ್ಕ, ಸಂತೇಲಿ ಇನ್ನೊಂದ್ ತಂದ್ಕೊಟ್ರಾಯ್ತು ಬುಡು" ಎಂದು ಸಿದ್ದರಾಮು ಬೀಡಾ ಬಾಯಿಗೆ ಹಾಕಿಕೊಂಡ.

ಕೊಂದು ತಿಂದದ್ದನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆ ನಗುವನ್ನು ನುಂಗಲಾಗಲಿಲ್ಲ. ಸಿದ್ದರಾಮು ಆ ಕಥೆಯನ್ನು ಹಾಲಿನ ಡೈರಿಯಲ್ಲಿ ಹೇಳಿದ, ಅರಳಿಕಟ್ಟೆಯಲ್ಲಿ ಹೇಳಿದ, ಮದುವೆ ಮನೆಗಳಲ್ಲಿ ಹೇಳಿದ. ಹೇಳುವಾಗ ಅಕ್ಕ ಸೌಟಿಗೆ ತಟ್ಟೆ ಒಡ್ಡಿದ್ದನ್ನು ಅಭಿನಯಿಸಿ ತೋರಿಸುತ್ತಿದ್ದ. ಹಾದಿಯಲ್ಲಿ ಸಿಕ್ಕವರು "ಏನಮ್ಮ, ಉಂಜ ಕೂಗ್ತಾ?" ಎಂದು ಅವಳ ಹೊಟ್ಟೆ ನೋಡಿ ಕೇಳತೊಡಗಿದರು. ಈ ನನ್ನ ತಮ್ಮನೂ ಒಂದು ದಿನ ಹೀಗೇ ಕಕ್ಕಬೇಕು, ಇದೇ ಬೀಗರ ಮುಂದೆ ಕಕ್ಕಬೇಕು ಎಂದು ವನಜಾ ಅಂದುಕೊಂಡಳು. ಆಣೆ ಪ್ರಮಾಣ ಏನೂ ಮಾಡಲಿಲ್ಲ, ಸುಮ್ಮನೆ ಅಂದುಕೊಂಡಳು. ಅಷ್ಟು ಸಾಕಿತ್ತು.

ಕೆಂಚ ಹೋದ ಮರುದಿನ ಬೆಳಿಗ್ಗೆ ತಿಪ್ಪೆ ಕೆದಕಿ ಅವನ ಗರಿಗಳನ್ನು ಆರಿಸಿಕೊಂಡಿದ್ದಳು. ಬಿಸಿನೀರಿಗೆ ಅದ್ದಿ ಕಿತ್ತದ್ದರಿಂದ ಹೆಚ್ಚಿನವು ಮುದುರಿಹೋಗಿದ್ದವು. ನೆಟ್ಟಗಿದ್ದದ್ದು ಒಂದು ಹಿಡಿ. ಸೀಗೆಪುಡಿಯಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಂಡೂರು ಕುರಿಯ ತುಪ್ಪಟದಲ್ಲಿ ಹುಳದ ಮೈ ಮಾಡಿ, ಗರಿ ಸುತ್ತಿ ಕಟ್ಟಿದಳು. ಒಂದು ಬೆಂಕಿಪೊಟ್ಟಣ ತುಂಬುವಷ್ಟು ಗರಿಹುಳಗಳಾದವು.

ಸಿದ್ದರಾಮುವಿಗೂ ಒಂದು ಮುದ್ದಿನ ಜೀವವಿತ್ತು. ತೋಟದ ತೆರೆದ ಬಾವಿಯಲ್ಲಿ ಒಂದು ಕುಚ್ಚುಮೀನು, ಮೊಳಕ್ಕಿಂತ ಉದ್ದ, ತೋಳಿನಷ್ಟು ದಪ್ಪ. ಅದಕ್ಕೆ ಅವನು ಯಜಮಾನ ಎಂದು ಹೆಸರಿಟ್ಟಿದ್ದ. ಬೆರಳುದ್ದದ ಮರಿಯನ್ನು ತಂದು ಬಿಟ್ಟವನೂ ಅವನೇ. ಸ್ವಲ್ಪ ಬಲಿತ ಮೇಲೆ, ಸುಟ್ಟುಹೋದ ಮೋಟರಿನ ತಾಮ್ರದ ತಂತಿಯನ್ನು ಉಂಗುರ ಮಾಡಿ ಅದರ ಬೆನ್ನಿನ ರೆಕ್ಕೆಗೆ ತೊಡಿಸಿದ್ದ. ದಿನಾ ಬೆಳಿಗ್ಗೆ ಬಾವಿಗೆ ತಂಗಳು ಮುದ್ದೆಯ ಉಂಡೆ ಎಸೆಯುತ್ತಿದ್ದ. ಯಜಮಾನ ಬಂದಾಗಿನಿಂದ ಬಾವಿ ಬತ್ತಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೆಂಡತಿಗೆ ಜ್ವರ ಬಂದರೆ ಮಾತ್ರೆ ತರಲು ಮರೆಯುವವನು ಯಜಮಾನನ ಮುದ್ದೆಯನ್ನು ಮರೆತದ್ದಿಲ್ಲ.

ಕೆಂಚನ ಗರಿಯಲ್ಲಿ ಯಜಮಾನನನ್ನು ಹಿಡಿದು, ಸಾರು ಮಾಡಿ ತಮ್ಮನಿಗೆ ಬಡಿಸಬೇಕು. ಇದು ವನಜಾಳ ಲೆಕ್ಕ. ಆದರೆ ಬಾವಿಯ ಮೆಟ್ಟಿಲ ಮೇಲೆ ನಿಂತರೆ ಬೆನ್ನಿಗೇ ಗೋಡೆ, ಕೋಲನ್ನು ಹಿಂದಕ್ಕೆ ಬೀಸಲು ಜಾಗವಿಲ್ಲ. ದಾರವನ್ನು ಮುಂದಕ್ಕೇ ಉರುಳಿಸಿ ಬಿಡುವ ಒಂದು ವರಸೆಯಿದೆ, ಅದು ಅವಳ ಕೈಗೆ ಒಲಿದಿರಲಿಲ್ಲ. ಕುಚ್ಚುಮೀನು ಮಹಾ ಕಿಲಾಡಿ, ಒಮ್ಮೆ ಅನುಮಾನ ಬಂದರೆ ಮತ್ತೆ ಆ ಕಡೆ ಸುಳಿಯುವುದಿಲ್ಲ. ಹಾಗಾಗಿ ಕಲಿಯಲೆಂದು ಅವಳು ಹೊಳೆಗಿಳಿದಳು.

ಕೋಲನ್ನು ಪೈಪಿನಲ್ಲಿಟ್ಟು ಸ್ಕೂಟಿಗೆ ಕಟ್ಟಿಕೊಂಡು ಹೋಗುವಳು. ಮೊಣಕಾಲುದ್ದದ ನೀರಲ್ಲಿ ನಿಂತು, ಹಿಂದೆ ಗೋಡೆಯಿದೆ ಎಂದುಕೊಂಡು ಬೀಸುವಳು. ಮೊದಮೊದಲು ದಾರ ಕಾಲಿಗೇ ಸುತ್ತಿಕೊಂಡಿತು. ಒಂದು ಗರಿಹುಳವನ್ನು ಹೊಂಗೆಮರ ಕಿತ್ತುಕೊಂಡಿತು, ಮತ್ತೊಂದು ಜೊಂಡಿನಲ್ಲಿ ಕಳೆಯಿತು. ಮಾರ್ಗಶಿರದ ಚಳಿಯಲ್ಲಿ ಬೆರಳು ಮರಗಟ್ಟಿದಾಗ ತಮ್ಮನ ನಗುವನ್ನು ನೆನೆಸಿಕೊಂಡಳು, ಕೈ ಬಿಸಿಯಾಯಿತು. ಸಂಕ್ರಾಂತಿಯ ಹೊತ್ತಿಗೆ ದಾರ ಹೇಳಿದ ಮಾತು ಕೇಳತೊಡಗಿತು. ಗೆಂಡೆಮೀನುಗಳು ಬಂಡೆಯ ಬುಡದಿಂದ ಹಾರಿ ಬಂದು ಕೆಂಚನ ಗರಿಗೆ ಬಾಯಿ ಹಾಕಿದವು. ಪ್ರತಿ ಮೀನನ್ನೂ ಬಿಡಿಸಿ ನೀರಿಗೆ ಬಿಡುವಾಗ ಅವಳಿಗೆ ಕೆಂಚ ಇನ್ನೂ ಎಲ್ಲೋ ಕೆಲಸದ ಮೇಲಿದ್ದಾನೆ ಅನ್ನಿಸುತ್ತಿತ್ತು. ಒಂದು ದೊಡ್ಡ ಮೀನು ದಾರ ಹರಿದುಕೊಂಡು ಗರಿಹುಳದ ಸಮೇತ ಹೋದ ದಿನ ಮಾತ್ರ ಬಂಡೆಯ ಮೇಲೆ ಕೂತು ಅತ್ತಳು.

ಬಂಡೂರಿನ ಚಿಕ್ಕಬೋರಯ್ಯ ಕುರಿ ಹೊಡೆದುಕೊಂಡು ಬಂದು ದಡದಲ್ಲಿ ಕೂರುತ್ತಿದ್ದ. ತುಪ್ಪಟ ಕೊಟ್ಟವನು ಅವನೇ. ಅವಳು ಮೀನು ಬಿಡುವುದನ್ನು ನೋಡಿ ಅವನಿಗೆ ಸಂಕಟವಾಗುತ್ತಿತ್ತು.

"ಅಲ್ಲ ಕಣವ್ವ, ಬಿಸ್ಲಲ್ ನಿಂತ್ಕಂಡು ಇಡಿಯಾದು, ಆಮ್ಯಾಕೆ ಬುಟ್ಬುಡಾದು. ಇದೇನ್ ಬಾಳು?"

"ನಂಗ್ ಇಡ್ಯಾದೇ ಬೇಕಾಗಿರಾದು ಬೋರಣ್ಣ, ತಿನ್ನಾದಲ್ಲ."

"ಬುಡು ಬುಡು. ನಾನು ಕಣ್ಣಾರೆ ಕಂಡ್ನಲ್ಲ, ಅದ್ಕೆ ನಂಬ್ತೀನಿ. ಕಾಣ್ದಿದ್ರೆ, ನೀನ್ ಅಷ್ಟೂ ಮೀನ ತಿಂದ್ಕಂಡೆ ಅಂತ್ಲೇ ಅನ್ಕತ್ತಿದ್ದೆ."

ಅವನು ಕುರಿ ಎಬ್ಬಿಸಿಕೊಂಡು ಹೋದ. ವನಜಾ ನೀರಲ್ಲೇ ನಿಂತಳು. ಆ ಮಾತು ಅವಳ ತಲೆಯೊಳಗೆ ಕೂತುಬಿಟ್ಟಿತು.

ಯುಗಾದಿ ಬಂತು. ಬೇವುಬೆಲ್ಲ ತಿಂದು ಸಿದ್ದರಾಮು ಇಸ್ಪೀಟಾಡಲು ಅರಳಿಕಟ್ಟೆಗೆ ಹೋದ. ಆ ದಿನ ಕಟ್ಟೆ ಹತ್ತಿದ ಗಂಡಸರು ಕತ್ತಲಾಗುವ ತನಕ ಇಳಿಯುವುದಿಲ್ಲ. ವನಜಾ ಬೆಂಕಿಪೊಟ್ಟಣ ತೆರೆದಳು. ಒಂದೇ ಗರಿಹುಳ ಉಳಿದಿತ್ತು.

ಬಾವಿಯ ಕೆಳಮೆಟ್ಟಿಲಲ್ಲಿ ನಿಂತು ದಾರ ಉರುಳಿಸಿದಳು. ಗರಿಹುಳ ಎದುರು ಗೋಡೆಯ ನೆರಳಿಗೆ ಹೋಗಿ ಕೂತಿತು. ಅವಳು ಒಮ್ಮೆ ಮಿಡುಕಿಸಿದಳು. ನೀರು ಉಬ್ಬಿತು, ಚಟ್ಟೆಂದು ಬಾಯಿ ಮುಚ್ಚಿದ ಸದ್ದು ಬಾವಿಗೆಲ್ಲ ಕೇಳಿಸಿತು, ಕೋಲು ಬಿಲ್ಲಿನಂತೆ ಬಾಗಿತು. ಯಜಮಾನ ತಳಕ್ಕೆ ಎಳೆದ, ಗೋಡೆಗೆ ಎಳೆದ, ಮೆಟ್ಟಿಲ ಸಂದಿಗೆ ನುಗ್ಗಲು ನೋಡಿದ. ವನಜಾ ಹಲ್ಲು ಕಚ್ಚಿ ನಿಂತಳು. "ಬಾರಪ್ಪ ಯಜಮಾನ, ಕೆಂಚ ಕರೀತಾವ್ನೆ ಬಾ" ಎಂದಳು. ಕೊನೆಗೆ ಅವನು ಸುಸ್ತಾಗಿ ಪಕ್ಕಕ್ಕೆ ವಾಲಿ ಅವಳ ಕೈಗೆ ಬಂದ.

ಮೆಟ್ಟಿಲ ಮೇಲೆ ಮಚ್ಚಿತ್ತು, ಅವಳೇ ತಂದಿಟ್ಟದ್ದು. ಅವಳು ಅದನ್ನು ಮುಟ್ಟಲಿಲ್ಲ. ಈ ಮೀನು ತನಗೇನು ಮಾಡಿದೆ? ನಕ್ಕವನು ಸಿದ್ದರಾಮು. ಮೀನು ಸತ್ತರೆ ಅವನು ನಾಲ್ಕು ದಿನ ಅತ್ತು ಇನ್ನೊಂದು ಮರಿ ತಂದು ಬಿಡುತ್ತಾನೆ, ಅಲ್ಲಿಗೆ ಮುಗಿಯಿತು. ಅಷ್ಟು ಅಗ್ಗಕ್ಕೆ ಮುಗಿಸಲು ಅವಳಿಗೆ ಮನಸ್ಸಿರಲಿಲ್ಲ. ಕಣ್ಣಾರೆ ಕಾಣದವನು ತಿಂದೆ ಅಂತಲೇ ನಂಬುತ್ತಾನೆ, ಬೋರಣ್ಣ ಅಂದ ಹಾಗೆ. ಇಕ್ಕಳದಿಂದ ತಾಮ್ರದ ಉಂಗುರವನ್ನು ಮೆಲ್ಲಗೆ ಬಿಡಿಸಿಕೊಂಡಳು. ಗಾಳ ಕಳಚಿದಳು. ಯಜಮಾನನನ್ನು ನೀರಲ್ಲಿ ಹಿಡಿದು, ಉಸಿರು ಬರುವ ತನಕ ಕಾದು, ಬಿಟ್ಟಳು. ಅವನು ಕಲ್ಲಿನ ಹಾಗೆ ತಳಕ್ಕಿಳಿದ.

ಮರುದಿನ ಹೊಸತೊಡಕು. ಮನೆಮನೆಯಲ್ಲೂ ಬಾಡಿನ ಘಮ. ಮದ್ದೂರಿನ ಬೀಗರು ಬಂದರು, ಅದೇ ಜನ. ವನಜಾ ಬೆಳಗಾಗುತ್ತಲೇ ಮಳವಳ್ಳಿಗೆ ಹೋಗಿ ಅಷ್ಟೇ ಗಾತ್ರದ ಒಂದು ಕುಚ್ಚುಮೀನು ತಂದಿದ್ದಳು. ತಾನೇ ಹುಣಸೆಹುಳಿ ಹಾಕಿ ಸಾರು ಮಾಡಿದಳು, ತಾನೇ ಬಡಿಸಿದಳು.

"ಇದ್ಯಾವ್ ಮೀನಕ್ಕ? ಬೆಣ್ಣೆ ಅಂಗದೆ!" ಎಂದ ಸಿದ್ದರಾಮು.

"ತಿನ್ನಪ್ಪ, ಚೆಂದಾಗ್ ತಿನ್ನು."

"ಇನ್ನೊಂದ್ ತುಂಡ್ ಬುಡು."

ಈ ಮಾತಿಗೇ ಅವಳು ದೀಪಾವಳಿಯಿಂದ ಕಾದಿದ್ದಳು. ಬೇರೆಯಾಗಿ ಎತ್ತಿಟ್ಟಿದ್ದ ತುಂಡನ್ನು ಅವನ ತಟ್ಟೆಗೆ ಹಾಕಿದಳು. ಸಿದ್ದರಾಮು ಅಗಿದ, ಹಲ್ಲಿಗೆ ಏನೋ ಕಟಕ್ಕೆಂದಿತು. ಅಂಗೈಗೆ ಉಗಿದುಕೊಂಡು ನೋಡಿದ. ತಾಮ್ರದ ಉಂಗುರ.

"ಅಕ್ಕಾ... ಯಜಮಾನ ಎಲ್ಲಿ?"

"ಎಲ್ಲಿಂದ ಬತ್ತಾನ್ಲಾ? ನಿನ್ ಒಟ್ಟೆ ಒಳ್ಗೇ ಅವ್ನಲ್ಲ."

ಬೀಗರಲ್ಲಿ ಒಬ್ಬ ಅಭ್ಯಾಸಬಲದಿಂದ ನಗಲು ಹೋಗಿ ಸುಮ್ಮನಾದ. ಸಿದ್ದರಾಮು ಬಚ್ಚಲಿಗೆ ಓಡಿದ. ವನಜಾ ಕೂತು ಆ ಸದ್ದನ್ನು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ತನ್ನ ಮುದ್ದೆ ಮುರಿದಳು. ಅಷ್ಟು ರುಚಿಯಾಗಿ ಅವಳು ಉಂಡು ಎಷ್ಟೋ ಕಾಲವಾಗಿತ್ತು.

ಸಂಜೆ ಸಿದ್ದರಾಮು ಬಾವಿಗೆ ಹೋದ, ಮುದ್ದೆ ಎಸೆದ, ಕರೆದ. ಗಾಳದ ಪೆಟ್ಟು ತಿಂದ ಮೀನು ಕೆಲವು ದಿನ ಮುನಿದು ಸಂದಿಯಲ್ಲೇ ಅಡಗಿರುತ್ತದೆ. ವನಜಾಳಿಗೆ ಅದು ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಮುದ್ದೆ ಕರಗಿ ಮುಳುಗಿತು. ಅಲ್ಲಿಂದ ಮುಂದೆ ಅವನು ಬಾವಿಯ ಕಡೆ ಹೆಜ್ಜೆ ಇಡಲಿಲ್ಲ. ಹೇಗೂ ಮೋಟರನ್ನು ಮೊಬೈಲಿನಲ್ಲೇ ಆನ್ ಮಾಡಬಹುದು. ಹುಂಜದ ಕಥೆ ಡೈರಿಯಲ್ಲಿ ನಿಂತಿತು, ಕಟ್ಟೆಯಲ್ಲೂ ನಿಂತಿತು. ಮುದ್ದೆ ಅರ್ಧ ಬಿಟ್ಟು ಏಳುತ್ತಾನೆ, ಬಡವಾಗಿದ್ದಾನೆ. ಒಮ್ಮೆ ಅವನು ಆ ಉಂಗುರವನ್ನು ಬೆರಳಲ್ಲಿ ತಿರುಗಿಸುತ್ತ ಕೂತದ್ದನ್ನು ಕಂಡು ವನಜಾಳ ಕರುಳು ಚುರುಕ್ಕೆಂದಿತು. ಸೌಟಿಗೆ ತಟ್ಟೆ ಒಡ್ಡುವ ಅವನ ಅಭಿನಯ ನೆನಪಾಗಿ ಮತ್ತೆ ಸರಿಯಾಯಿತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಾವಿಗೆ ಹೋಗುವವಳು ಈಗ ವನಜಾ. ಮುದ್ದೆಯ ಉಂಡೆ ಎಸೆದರೆ ಯಜಮಾನ ಮೇಲೆ ಬಂದು ಗಬಕ್ಕನೆ ಹಿಡಿಯುತ್ತಾನೆ, ದಪ್ಪವಾಗಿದ್ದಾನೆ. ಒಂದು ದಿನ ರಂಜಿತ ಅವಳ ಕೈಯಲ್ಲಿ ಮುದ್ದೆ ನೋಡಿದಳು, ತೋಟದ ಹಾದಿ ನೋಡಿದಳು. ಅವತ್ತು ರಾತ್ರಿಯಿಂದ ಒಂದು ಮುದ್ದೆ ಹೆಚ್ಚಿಗೆ ಕಟ್ಟಿಡತೊಡಗಿದಳು.

ನಿನ್ನೆ ಸಂಜೆ ಸಿದ್ದರಾಮು ದುದ್ದದಿಂದ ಬಂದ. ಅಲ್ಲಿ ಯಾರದೋ ಮನೆಯಲ್ಲಿ ಕೆಂಚನ ಬಣ್ಣದ ಕೋಳಿಗಳಿವೆ ಎಂದು ಕೇಳಿ ಅಷ್ಟು ದೂರ ಹೋಗಿದ್ದನಂತೆ. ಬುಟ್ಟಿ ತೆರೆದು, ರೆಕ್ಕೆ ಬಲಿಯುತ್ತಿದ್ದ ಒಂದು ಕೆಂಪು ಮರಿಯನ್ನು ಅಕ್ಕನ ತೊಡೆಯ ಮೇಲಿಟ್ಟ.

"ತಪ್ಪಾಯ್ತಕ್ಕ" ಎಂದ. "ಅವತ್ತು ನಾನ್ ನಗ್ಬಾರ್ದಾಗಿತ್ತು. ಇದ್ನ ಸಾಕ್ಕೊ. ಉಂಜನ್ ಮರಿ ಅಂತ ಏಳೇ ಕೊಟ್ಟವ್ರೆ."

ಬಾವಿಗೆ ಹೋಗಿ ನೋಡು ಹೋಗೋ ಎಂಬ ಮಾತು ವನಜಾಳ ತುಟಿಯ ತನಕ ಬಂದಿತ್ತು. ಅವಳು ಮರಿಯನ್ನು ಎತ್ತಿ ಅದರ ಜುಟ್ಟು ನೋಡಿದಳು, ಕಾಲು ನೋಡಿದಳು, ಕತ್ತಿನ ಗರಿಯನ್ನು ಬೆರಳಲ್ಲಿ ಸವರಿದಳು. ಸಿದ್ದರಾಮುವಿಗೆ ಟ್ರ್ಯಾಕ್ಟರಿನ ಗೇರು ಬಿಟ್ಟರೆ ಬೇರೇನೂ ತಿಳಿಯದು.

"ಲೇ ಸಿದ್ದ, ನಿಂಗೊಂದ್ ಮಾತ್ ಏಳಾದದೆ ಕಣ್ಲಾ. ಇದು ಬೆಳೆದು ಕೂಗ್ಲಿ. ಕೂಗಿದ್ ದಿನ ಏಳ್ತೀನಿ."

"ಒಳ್ಳೆ ಮಾತೇನಕ್ಕ?"

"ಬಲೇ ಒಳ್ಳೆ ಮಾತು."

ಹೊಸತೊಡಕಿನಿಂದೀಚೆಗೆ ಮೊದಲ ಸಲ ಸಿದ್ದರಾಮುವಿನ ಮುಖ ಅರಳಿತು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಬಾಗಿಲಲ್ಲಿ ನಿಂತಿದ್ದ ರಂಜಿತ ಮರಿಯನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ವನಜಾ ಮರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು ಸವರಿದಳು. ಬಲಿತರೆ ದಿನಕ್ಕೊಂದು ಮೊಟ್ಟೆ ಇಡುವಂಥ ಚೆಂದದ ಹ್ಯಾಟೆ ಅದು.